ನಮ್ಮ ಮಾವ ಪೇಸ್ಟ್ ಮಾಸ್ಟರ್

ನಮ್ಮ ಮಾವನವರ ಕೈ ಹೋದ ಕಡೆಯೆಲ್ಲ ಬೂದು ಬಣ್ಣದ ಪೇಸ್ಟ್ ಇರುತ್ತೆ. ಬಾಗಿಲ ಚಿಲಕದ ಮೇಲೆ, ಬಚ್ಚಲಿನ ನಲ್ಲಿಯ ಕತ್ತಿನಲ್ಲಿ, ಅತ್ತೆಯ ಊರುಗೋಲಿನ ಹಿಡಿಯಲ್ಲಿ, ಒಂದು ಸಲ ನನ್ನ ಬಾಚಣಿಗೆಯ ಹಲ್ಲಿನಲ್ಲೂ. ಗ್ಯಾಸ್ಕೆಟ್ ಪೇಸ್ಟ್ ಅಂತ ಅದರ ಹೆಸರು. ಟ್ಯೂಬಿನಿಂದ ಹಿಂಡಿದಾಗ ಮೆತ್ತಗಿರುತ್ತೆ, ಒಂದೆರಡು ಗಂಟೆ ಬಿಟ್ಟರೆ ರಬ್ಬರಾಗುತ್ತೆ, ಆಮೇಲೆ ಉಗುರು ಕಿತ್ತು ಬಂದರೂ ಅದು ಬರಲ್ಲ. ಇಂಜಿನ್ನಿನ ಎರಡು ಭಾಗ ಕೂಡೋ ಕಡೆ ಆಯಿಲ್ ಸೋರದಿರಲಿ ಅಂತ ಬೆಂಕಿಕಡ್ಡಿ ದಪ್ಪದ ಒಂದು ಗೆರೆ ಎಳೆದರೆ ಸಾಕು. ಮಾವ ಅದನ್ನ ಗಾರೆ ಮೆತ್ತಿದ ಹಾಗೆ ಮೆತ್ತುತ್ತಾರೆ. ಬೀದಿಯವರು ಅವರಿಗೆ ಪೇಸ್ಟ್ ಮಾಸ್ಟರ್ ಅಂತ ಹೆಸರಿಟ್ಟಿದ್ದಾರೆ. ಅವರು ಅದನ್ನ ಬಿರುದು ಅಂದುಕೊಂಡಿದ್ದಾರೆ.

ಮೊದಲೇ ಹೇಳಿಬಿಡ್ತೀನಿ, ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದಿದ್ದರೆ ಇಷ್ಟು ಹೇಸಿಗೆ ಆಗ್ತಿರಲಿಲ್ಲ, ಒಂದು ದಿನ ಜಗಳ ಆಡಿ ಮುಗಿಸಿಬಿಡ್ತಿದ್ದೆ. ಹತ್ತೊಂಬತ್ತನೇ ವಯಸ್ಸಿಗೆ ಲಾರಿ ಶೆಡ್ಡೊಂದರಲ್ಲಿ ಚಕ್ರ ಬಿಚ್ಚೋ ಕೆಲಸಕ್ಕೆ ಸೇರಿದವರು. ಓದಿಲ್ಲ, ಕೂರಿಸಿಕೊಂಡು ಹೇಳಿಕೊಡೋರಿಲ್ಲ, ಕಣ್ಣಲ್ಲಿ ಕಂಡಿದ್ದನ್ನ ಕೈಯಲ್ಲಿ ಮಾಡಿ ಕಲಿತರು. ಮೂವತ್ತಕ್ಕೆ ಸ್ವಂತ ಗ್ಯಾರೇಜ್. ಮನೆ ಮುಂದಿನ ಜಾಗಕ್ಕೆ ತಗಡಿನ ಶೀಟು, ಗಾಡಿಯ ಕೆಳಗೆ ಇಳಿಯೋಕೆ ನೆಲದಲ್ಲೊಂದು ಗುಂಡಿ, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಸ್ಪಾನರ್‌ಗಳು. ಗಿರಾಕಿ ಬಂದರೆ ಮೊದಲು ಕುರ್ಚಿ, ಆಮೇಲೆ ಚಹಾ, ಆಮೇಲೆ "ಏನೂ ಆಗಿಲ್ಲ ಬಿಡಿ, ನಾನಿದೀನಲ್ಲ" ಅನ್ನೋ ಮಾತು. ಬಾನೆಟ್ ಎತ್ತೋಕೆ ಮುಂಚೆಯೇ ಆ ಮಾತು ಬಂದಿರುತ್ತೆ. "ಗಿರಾಕಿ ಗಾಬರಿಯಲ್ಲಿ ಬರ್ತಾನೆ, ನಗ್ತಾ ಹೋಗಬೇಕು. ರಿಪೇರಿ ಅಂದರೆ ಅಷ್ಟೇನಮ್ಮ" ಅಂತ ಹನ್ನೊಂದು ವರ್ಷದಿಂದ ನನಗೆ ಪಾಠ ಹೇಳ್ತಿದ್ದಾರೆ.

ಮನೆಯಲ್ಲೂ ಅದೇ ವೈದ್ಯ. ಗೋಡೆಗೆ ತೇವ ಬಂದರೆ ಅದರ ಮೇಲೊಂದು ಕ್ಯಾಲೆಂಡರ್. ನಲ್ಲಿ ತೊಟ್ಟಿಕ್ಕಿದರೆ ಸದ್ದು ಕೇಳದ ಹಾಗೆ ಕೆಳಗೊಂದು ಬಟ್ಟೆ. ಮೂರು ವರ್ಷದ ಹಿಂದೆ ಅತ್ತೆಯ ಸಕ್ಕರೆ ಕಾಯಿಲೆಯ ರಿಪೋರ್ಟ್ ತಂದು, ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗಿನತನಕ ಓದಿ, "ಎಲ್ಲ ಚೆನ್ನಾಗಿದೆ ಕಣೇ" ಅಂದು, ಮಡಚಿ ಬೀರುವಿನ ಸೀರೆಗಳ ಕೆಳಗೆ ಇಟ್ಟರು. ನಿಜ ಹೇಳಿದರೆ ಅತ್ತೆ ಗಾಬರಿ ಆಗ್ತಾರಂತೆ. ಎಂಟು ತಿಂಗಳಿಗೆ ಅತ್ತೆಯ ಬಲಗಾಲಿನ ಹೆಬ್ಬೆರಳು ಕಪ್ಪಾಯಿತು, ಆಸ್ಪತ್ರೆಯಲ್ಲಿ ಅದನ್ನ ತೆಗೆದರು. ಆ ರಿಪೋರ್ಟ್ ನನ್ನ ಕೈಗೆ ಸಿಕ್ಕ ದಿನ ಓದಿ ಅತ್ತೆಯ ಮುಂದೆ ಹಿಡಿದೆ. ಅತ್ತೆ ಮಾತ್ರ "ಪ್ರೀತಿಗೆ ಹಾಗೆ ಮಾಡಿದರು, ಬಿಡು" ಅಂದರು. ನನ್ನ ಗಂಡ ದೂರದೂರಿಗೆ ಬಸ್ಸು ಓಡಿಸೋನು, ವಾರಕ್ಕೆ ಎರಡು ದಿನ ಮನೆಯಲ್ಲಿರೋನು. ಅವನೂ "ಅಪ್ಪ ಹಾಗೇ, ಬಿಡು" ಅಂದ. ಈ ಮನೆಯಲ್ಲಿ ಎಲ್ಲರೂ ಬಿಡೋರೇ, ಹಿಡಿಯೋಳು ನಾನೊಬ್ಬಳು.

ಮದುವೆಗೆ ಮುಂಚೆ ನಾನು ಕನ್ನಡಕದ ಅಂಗಡಿಯಲ್ಲಿದ್ದವಳು. ಗಾಜಿನ ಮೇಲೆ ಬೆರಳಿನ ಗುರುತು ಬಿದ್ದರೂ ಬೈಸಿಕೊಂಡು ಪಳಗಿದ ಕೈ. ಇಲ್ಲಿಗೆ ಬಂದ ಮೊದಲ ವರ್ಷ ಗ್ಯಾರೇಜಿನ ಹೊಲಸು ನೋಡಲಾರದೆ ಸ್ಪಾನರ್‌ಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದಿಟ್ಟೆ. ಎರಡನೇ ವರ್ಷ ಯಾವ ಸ್ಪಾನರ್ ಯಾವ ನಟ್ಟಿಗೆ ಅಂತ ಗೊತ್ತಾಯಿತು. ಮೂರನೇ ವರ್ಷ, ಮಾವ ಮೆತ್ತಿ ಹೋದದ್ದನ್ನ ಹಿಂದಿನಿಂದ ಬಿಚ್ಚಿ ಸರಿ ಮಾಡೋಕೆ ಶುರು ಮಾಡಿದೆ. ಬೇರೆಯವರು ಆಸೆಗೆ ಕೆಲಸ ಕಲಿತಾರೆ, ನಾನು ಅಸಹ್ಯಕ್ಕೆ ಕಲಿತೆ. ಮಾವ ಬೇಡ ಅನ್ನಲಿಲ್ಲ. ಆದರೆ ಗಿರಾಕಿಯ ಮುಂದೆ ನಾನು ಬಾಯಿ ತೆಗೆದರೆ "ಒಳಗೆ ಹಾಲು ಉಕ್ಕುತ್ತೆ ನೋಡಮ್ಮ" ಅಂತ ಕಳಿಸಿಬಿಡ್ತಿದ್ದರು. ಹೋಗಿ ನೋಡಿದರೆ ಒಲೆಯ ಮೇಲೆ ಹಾಲೇ ಇರ್ತಿರಲಿಲ್ಲ.

ಇನ್ನು ನರ್ಸಮ್ಮನ ವಿಷಯ. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಗಾಯ ತೊಳೆದು ಪಟ್ಟಿ ಕಟ್ಟೋ ಹೆಂಗಸು. ಐವತ್ತು ದಾಟಿದೆ, ಹಿಂದಿಲ್ಲ ಮುಂದಿಲ್ಲ. ದಿನಕ್ಕೆ ಒಂಬತ್ತು ಹತ್ತು ಮನೆ. ಅದರಲ್ಲಿ ಅರ್ಧ ಊರಾಚೆ, ದೊಡ್ಡ ರಸ್ತೆಯಲ್ಲಿ ಲಾರಿಗಳ ಮಧ್ಯೆ ಹೋಗಬೇಕು. ಅವರ ಹಳೇ ಬಿಳಿ ಕಾರೇ ಅವರಿಗೆ ಕೈಕಾಲು. ಅತ್ತೆಯ ಕಾಲಿನ ಗಾಯ ಮಾಯದೆ ಹಟ ಹಿಡಿದಾಗಿನಿಂದ ವಾರಕ್ಕೆ ಮೂರು ಸಲ ನಮ್ಮ ಮನೆಗೂ ಬರ್ತಾರೆ. ಅವರು ನಮ್ಮಿಂದ ಏನೂ ತಗೊಳ್ಳಲ್ಲ, ನಾವು ಅವರ ಗಾಡಿ ನೋಡಿಕೊಳ್ಳಬೇಕು, ಹಾಗಂತ ಮಾತು. ಆ ಗಾಡಿಯ ಇಂಜಿನ್ ಆಯಿಲ್ ಸೋರ್ತಿತ್ತು. ನಾಲ್ಕು ತಿಂಗಳಲ್ಲಿ ಮಾವ ಅದನ್ನ ನಾಲ್ಕು ಸಲ ರಿಪೇರಿ ಮಾಡಿದ್ದರು. ಅಂದರೆ ನಾಲ್ಕು ಸಲ ಮೆತ್ತಿದ್ದರು.

ಒಂದು ದಿನ ಬೆಳಿಗ್ಗೆ ಮಾವ ಅತ್ತೆಯನ್ನ ಕರಕೊಂಡು ಆಸ್ಪತ್ರೆಗೆ ಹೋಗಿದ್ದರು. ನರ್ಸಮ್ಮ ಬಂದು ಗಾಡಿಯನ್ನ ಗುಂಡಿಯ ಮೇಲೆ ನಿಲ್ಲಿಸಿ ಕೀ ನನ್ನ ಕೈಗಿಟ್ಟರು.

"ಸುಟ್ಟ ವಾಸನೆ ಬರ್ತಿದೆಯಮ್ಮ. ನಿನ್ನೆ ಒಬ್ಬರ ಮನೆ ಬಾಗಿಲಲ್ಲಿ ಇಷ್ಟಗಲ ಕಲೆ ಬಿದ್ದು ಬೈಸಿಕೊಂಡೆ. ಇವತ್ತೊಂದು ದಿನ ಬಸ್ಸಲ್ಲಿ ಒದ್ದಾಡ್ತೀನಿ. ನಾಳೆ ಮಾತ್ರ ಗಾಡಿ ಬೇಕೇ ಬೇಕು, ಹನ್ನೊಂದು ಮನೆ ಇದೆ."

"ಸಂಜೆಗೆ ಬನ್ನಿ" ಅಂದೆ. ಅವರು ಚೀಲ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟಾಪಿನ ಕಡೆ ಹೊರಟರು.

ಗುಂಡಿಗೆ ಇಳಿದು ಟಾರ್ಚ್ ಬಿಟ್ಟೆ. ಇಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲೋ ದೊಡ್ಡ ತಟ್ಟೆಯಿದೆ, ಸಂಪ್ ಅಂತೀವಿ. ಅದರ ಅಂಚೇ ಕಾಣ್ತಿರಲಿಲ್ಲ. ಪೇಸ್ಟಿನ ಮೇಲೆ ಪೇಸ್ಟ್, ನಾಲ್ಕು ಪದರ, ವಾಸಿಯಾಗದ ಹುಣ್ಣಿನ ಹಕ್ಕಳೆಯ ಹಾಗೆ. ಅದರ ಮೇಲೆ ಆಯಿಲ್, ಆಯಿಲಿನ ಮೇಲೆ ರಸ್ತೆಯ ಧೂಳು, ಧೂಳಿನಲ್ಲಿ ಯಾವುದೋ ಹುಳದ ರೆಕ್ಕೆ. ನೋಡ್ತಿದ್ದ ಹಾಗೇ ಒಂದು ಹನಿ ನನ್ನ ತುಟಿಗೇ ಬಿತ್ತು. ಥೂ ಅಂತ ಉಗಿದು ಮೇಲೆ ಬಂದು, ಮೂರು ಸಲ ಬಾಯಿ ಮುಕ್ಕಳಿಸಿ, ಮತ್ತೆ ಇಳಿದೆ.

ಸೋರಿಕೆ ಹುಡುಕೋಕೆ ದೊಡ್ಡ ವಿದ್ಯೆ ಬೇಡ. ಇಂಜಿನ್ ಕ್ಲೀನಾಗಿರಬೇಕು, ನಮಗೆ ತಾಳ್ಮೆ ಇರಬೇಕು. ಕೊಳೆಯ ಮೇಲೆ ಕೊಳೆ ಕೂತಿದ್ದರೆ ಹೊಸ ಎಣ್ಣೆ ಎಲ್ಲಿಂದ ಬಂತು ಅಂತ ದೇವರಿಗೂ ತಿಳಿಯಲ್ಲ. ಸೀಮೆಎಣ್ಣೆ, ಬ್ರಷ್ಷು, ಗಂಡನ ಹಳೇ ಬನಿಯನ್ನು ಹಿಡಿದು ಎರಡು ಗಂಟೆ ಉಜ್ಜಿದೆ. ಕೆರೆದ ಹೊಲಸು ಒಂದು ಬಾಂಡ್ಲಿ ತುಂಬ ಆಯಿತು. ಇಂಜಿನ್ ಒಣಗಿದ ಮೇಲೆ ಅತ್ತೆಯ ಮುಖದ ಪೌಡರ್ ತಂದು ಸುತ್ತ ತೆಳ್ಳಗೆ ಉದುರಿಸಿದೆ. ಬಿಳಿ ಪೌಡರಿನ ಮೇಲೆ ಆಯಿಲ್ ಹರಿದರೆ ಅದರ ದಾರಿ ಗೆರೆ ಕೊರೆದ ಹಾಗೆ ಕಾಣುತ್ತೆ.

ಸೀಟಿನಲ್ಲಿ ಕೂತು ಕೀ ತಿರುಗಿಸಿದೆ. ಇಂಜಿನ್ ಚಾಲೂ ಆಗೋಕೆ ಮುಂಚೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಂದು ಸಲ ಹತ್ತಬೇಕು. ಬ್ಯಾಟರಿಯದು ಹತ್ತಿತು. ಆಯಿಲಿನ ಕೆಂಪು ದೀಪ ಹತ್ತಲಿಲ್ಲ. ಬಲ್ಬು ಹೋಗಿರಬೇಕು, ಆಮೇಲೆ ನೋಡೋಣ ಅಂದುಕೊಂಡೆ. ಆಯಿಲ್ ಮಟ್ಟ ಸರಿಯಿದ್ದದ್ದು ನೋಡಿ ಧೈರ್ಯವಾಗಿ ಇಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಬಿಟ್ಟೆ. ಬುದ್ಧಿವಂತೆ ಅಂತ ಮೆರೆಯೋರಿಗೂ ಬುದ್ಧಿ ಮಂಕಾಗೋ ದಿನ ಇರುತ್ತೆ.

ಪೌಡರಿನ ಮೇಲೆ ಗೆರೆ ಬಿದ್ದಿತ್ತು. ಸಂಪಿನಿಂದಲ್ಲ. ಇಂಜಿನ್ನಿನ ನೆತ್ತಿಯ ಮೇಲಿನ ಕವರ್ ಇದೆಯಲ್ಲ, ಅದರ ಹಿಂದಿನ ಮೂಲೆಯಿಂದ ಹೊರಟು, ಬಿಸಿ ಪೈಪಿನ ಪಕ್ಕದಲ್ಲಿ ಇಳಿದು, ಸಂಪಿನ ಅಂಚಿಗೆ ಬಂದು ಅಲ್ಲಿಂದ ತೊಟ್ಟಿಕ್ಕುತ್ತಿತ್ತು. ಸುಟ್ಟ ವಾಸನೆ ಆ ಪೈಪಿನದು. ತಲೆಗೆ ಸುರಿದ ನೀರು ಕಾಲಲ್ಲಿ ಇಳಿಯುತ್ತೆ ಅಂತ ಸ್ನಾನ ಮಾಡೋರಿಗೆಲ್ಲ ಗೊತ್ತು. ನಮ್ಮ ಮಾವನಿಗೆ ಹನಿ ಕಂಡದ್ದು ಕೆಳಗೆ, ಅದಕ್ಕೆ ಮೆತ್ತಿದ್ದೂ ಕೆಳಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಅದೂ ನಾಲ್ಕು ಸಲ.

ಮೇಲಿನ ಕವರಿನ ಗ್ಯಾಸ್ಕೆಟ್, ಅಂದರೆ ಸಂದಿಗೆ ಕೂರಿಸೋ ರಬ್ಬರ್ ಪಟ್ಟಿ, ಯಾಕೆ ಸೋತಿತು ಅನ್ನೋದು ಇನ್ನೊಂದು ಪ್ರಶ್ನೆ. ಇಂಜಿನ್ನಿಗೂ ಉಸಿರು ಬಿಡೋಕೆ ಒಂದು ಪೈಪ್ ಇರುತ್ತೆ. ಅದು ಕಟ್ಟಿಕೊಂಡರೆ ಒಳಗಿನ ಗಾಳಿ ಎಲ್ಲಿ ಸಂದು ಸಿಕ್ಕರೂ ಆಯಿಲನ್ನ ಹೊರಗೆ ತಳ್ಳುತ್ತೆ. ನೋಡಿಯೇಬಿಡೋಣ ಅಂತ, ಅತ್ತೆಯ ಗಾಯಕ್ಕೆ ನರ್ಸಮ್ಮ ಇಟ್ಟಿದ್ದ ಡಬ್ಬದಿಂದ ಒಂದು ತೆಳು ರಬ್ಬರ್ ಗ್ಲೌಸ್ ತಂದು, ಆಯಿಲ್ ಹಾಕೋ ಬಾಯಿಗೆ ಬಿಗಿಯಾಗಿ ಕಟ್ಟಿ ಇಂಜಿನ್ ಚಾಲೂ ಮಾಡಿದೆ. ನಿಧಾನಕ್ಕೆ ಒಂದೊಂದೇ ಬೆರಳು ಎದ್ದು ನಿಂತಿತು. ನೀರು ತುಂಬಿ ಊದಿದ ಕೈಯ ಹಾಗೆ, ನೋಡೋಕೇ ಅಸಹ್ಯ. ಪೈಪ್ ಕಿತ್ತು ಬಗ್ಗಿಸಿದರೆ ಒಳಗಿಂದ ಕೆಸರಿನಂಥ ಕರೀ ಜಿಡ್ಡು ಬೆರಳಿನ ಗಾತ್ರಕ್ಕೆ ಬಂದು ಬಿತ್ತು. ತೊಳೆದು ಊದಿದೆ, ಗಾಳಿ ಆಡಿತು. ರೋಗದ ಬೇರು ಸಿಕ್ಕಿತ್ತು.

ಆಮೇಲೆ ಆ ಬಲ್ಬು. ಬಿಚ್ಚಿ ನೋಡಿದೆ, ಬಲ್ಬು ಚೆನ್ನಾಗಿತ್ತು. ಹಾಗಾದರೆ ವೈರ್ ಅಂತ ಹುಡುಕಿಕೊಂಡು ಹೋದೆ. ಇಂಜಿನ್ನಿನ ಪಕ್ಕದಲ್ಲಿ ಅದನ್ನ ಸಿಕ್ಕಿಸೋ ಜಾಗ ಖಾಲಿ. ವೈರನ್ನ ಹಿಂದಕ್ಕೆ ಮಡಚಿ, ತುದಿಗೆ ಕರೀ ಟೇಪು ಸುತ್ತಿ, ಆ ಟೇಪಿನ ಮೇಲೆ ಒಂದು ಚಿಟಿಕೆ ಬೂದು ಪೇಸ್ಟ್. ಇಷ್ಟು ನೀಟಾದ ಕೆಲಸ ಮಾವನ ಕೈಯಿಂದ ಬಂದದ್ದನ್ನ ನಾನು ಹನ್ನೊಂದು ವರ್ಷದಲ್ಲಿ ನೋಡಿರಲಿಲ್ಲ.

ಮಧ್ಯಾಹ್ನ ಮಾವ ಬಂದು ಅತ್ತೆಯನ್ನ ಒಳಗೆ ಕೂರಿಸಿ ಗ್ಯಾರೇಜಿಗೆ ಬಂದರು. ನಾನು ಆ ವೈರ್ ಹಿಡಿದುಕೊಂಡೇ ನಿಂತಿದ್ದೆ.

"ಇದನ್ನ ಯಾರು ಕಿತ್ತಿದ್ದು ಮಾವ?"

"ನಾನೇ ಕಣಮ್ಮ. ಕಳೆದ ಸಲ."

"ಯಾಕೆ?"

"ಸಿಗ್ನಲ್ಲಲ್ಲಿ ನಿಂತಾಗೆಲ್ಲ ಆ ದೀಪ ಮಿಣಮಿಣ ಅಂತಿತ್ತಂತೆ. ಪಾಪ, ಆಯಮ್ಮ ತುಂಬ ಹೆದರಿದ್ದಳು. ಒಂಟಿ ಹೆಂಗಸು. ರಸ್ತೆ ಬಿಟ್ಟು ದೀಪ ನೋಡ್ಕೊಂಡು ಓಡಿಸಿದರೆ ಎಲ್ಲಾದ್ರೂ ಗುದ್ದಲ್ವಾ?"

"ದೀಪ ಯಾಕೆ ಹತ್ತುತ್ತೆ ಅಂತ ನೋಡಿದ್ರಾ?"

"ಹಳೇ ಗಾಡಿ. ಏನೋ ಒಂದು ಇರುತ್ತೆ ಬಿಡು."

ಆ ದೀಪ ಇರೋದು ಅಲಂಕಾರಕ್ಕಲ್ಲ. ಅದು ಮಿನುಗಿತು ಅಂದರೆ ಇಂಜಿನ್ನಿನ ಒಳಗೆ ಆಯಿಲ್ ಸರಿಯಾಗಿ ಏರ್ತಿಲ್ಲ ಅಂತ. ಹಾಗೇ ಓಡಿಸಿದರೆ ಒಂದು ದಿನ ಇಂಜಿನ್ ಕಚ್ಚಿಕೊಳ್ಳುತ್ತೆ, ಗಾಡಿ ಇದ್ದಕ್ಕಿದ್ದ ಹಾಗೆ ನಿಲ್ಲುತ್ತೆ, ಹಿಂದೆ ಬರೋ ಲಾರಿ ನಿಲ್ಲಲ್ಲ. ನಲವತ್ತು ದಿನದಿಂದ ನರ್ಸಮ್ಮ ಹಾಗೇ ಓಡಾಡ್ತಿದ್ದರು. ಇದನ್ನೆಲ್ಲ ಮಾವನ ಮುಖಕ್ಕೆ ಹೇಳಿದೆ. ಬೈಯೋದಾದರೂ ನಾನು ಅವರನ್ನ ಬಹುವಚನದಲ್ಲೇ ಬೈಯೋದು, ಅವತ್ತು ಅದೂ ಒಂದೆರಡು ಸಲ ತಪ್ಪಿತು. ಅವರು ಕೋಪ ಮಾಡಿಕೊಳ್ಳಲಿಲ್ಲ. ಕುರ್ಚಿಯಲ್ಲಿ ಕೂತು ಮಂಡಿ ಸವರಿಕೊಂಡರು.

ಆಯಿಲ್ ಇಳಿಸಿ ಸಂಪ್ ಬಿಚ್ಚಿದೆ. ಉಳಿ ಇಟ್ಟು ಸುತ್ತಿಗೆಯಲ್ಲಿ ತಟ್ಟಿದ ಮೇಲೇ ಅದು ಬಾಯಿ ಬಿಟ್ಟಿದ್ದು. ಸಂಪಿನ ಒಳಗೆ, ಆಯಿಲನ್ನ ಮೇಲಕ್ಕೆ ಹೀರೋ ಪೈಪಿನ ತುದಿಯಲ್ಲಿ ಜರಡಿಯಂಥ ಒಂದು ಜಾಲರಿ ಇರುತ್ತೆ. ಅದರ ತುಂಬ ಬೂದು ಹುಳಗಳು. ಅಂಚಿಗೆ ಮೆತ್ತಿದ ಪೇಸ್ಟ್ ನಟ್ಟು ಬಿಗಿದಾಗ ಒಳಕ್ಕೂ ಉಬ್ಬುತ್ತೆ, ಆಮೇಲೆ ಚೂರು ಚೂರಾಗಿ ಆಯಿಲಿಗೆ ಬಿದ್ದು ಬಂದು ಇಲ್ಲಿ ಅಂಟಿಕೊಳ್ಳುತ್ತೆ. ಮುಕ್ಕಾಲು ಜಾಲರಿ ಮುಚ್ಚಿಹೋಗಿತ್ತು. ಚಿಮಟದಲ್ಲಿ ಒಂದೊಂದೇ ಕಿತ್ತು ಮಾವನ ಕಾಲ ಬಳಿ ಪೇಪರಿನ ಮೇಲೆ ಇಟ್ಟೆ. ಮೂವತ್ತೊಂದು ಚೂರು. ಮಾವ ಒಂದೊಂದನ್ನೂ ನೋಡಿದರು. ನನ್ನ ಪುಣ್ಯವೋ ನರ್ಸಮ್ಮನ ಪುಣ್ಯವೋ, ಒಳಗಿನ ಬೇರಿಂಗುಗಳಿಗೆ ಇನ್ನೂ ಏಟು ಬಿದ್ದಿರಲಿಲ್ಲ.

ಹಳೇ ಪೇಸ್ಟನ್ನೆಲ್ಲ ಕೆರೆದು, ಮೇಲಿನ ಕವರಿಗೆ ಹೊಸ ಗ್ಯಾಸ್ಕೆಟ್ ಕೂರಿಸಿ, ಸಂಪಿಗೆ ಬೆಂಕಿಕಡ್ಡಿ ದಪ್ಪದ ಒಂದೇ ಗೆರೆ ಎಳೆದು ಬಿಗಿದೆ. ಅದು ಒಣಗೋ ತನಕ ಕಾದು ಹೊಸ ಆಯಿಲ್ ಹಾಕಿದೆ. ಕೊನೆಗೆ ಆ ವೈರನ್ನ ಅದರ ಜಾಗಕ್ಕೆ ಸಿಕ್ಕಿಸಿದೆ. ಕೀ ತಿರುಗಿಸಿದರೆ ಕೆಂಪು ದೀಪ ಹತ್ತಿತು, ಇಂಜಿನ್ ಚಾಲೂ ಆಗಿ ಎರಡು ಕ್ಷಣಕ್ಕೆ ಆರಿತು. ಅರ್ಧ ಗಂಟೆ ಓಡಿಸಿದೆ. ಕೆಳಗೆ ಹಾಸಿದ ಪೇಪರಿನ ಮೇಲೆ ಒಂದು ಹನಿ ಬೀಳಲಿಲ್ಲ.

ಸಂಜೆ ನರ್ಸಮ್ಮ ಬಂದರು. ಬಸ್ಸಿನಲ್ಲಿ ನಿಂತು ನಿಂತು ಕಾಲು ಊದಿತ್ತು. ಒಳಗಿಂದ ಅತ್ತೆಯೂ ಊರುಗೋಲು ಊರಿಕೊಂಡು ಬಾಗಿಲಿಗೆ ಬಂದರು. ನಾನು ಎಲ್ಲ ಹೇಳಿಬಿಡಬೇಕು ಅಂತಲೇ ಇದ್ದೆ. ಮಧ್ಯಾಹ್ನದಿಂದ ಬಾಯಲ್ಲಿ ಮಾತು ಜೋಡಿಸಿಕೊಂಡಿದ್ದೆ. ನರ್ಸಮ್ಮ ಸೀಟಿನಲ್ಲಿ ಕೂತು ಕೀ ತಿರುಗಿಸಿದವರು ತಟ್ಟನೆ ಕೈ ಹಿಂದಕ್ಕೆ ತಗೊಂಡರು.

"ಅಯ್ಯೋ, ಮತ್ತೆ ಹತ್ತಿತಲ್ಲ ಮಾಸ್ಟರ್. ನೀವು ಕಳೆದ ಸಲ ಕೈ ಇಟ್ಟ ಮೇಲೆ ಈ ದೀಪ ಹತ್ತೋದೇ ನಿಂತುಹೋಗಿತ್ತು. ನಿಮ್ಮ ಕೈಗುಣ ಅಂತ ಎಲ್ಲರ ಹತ್ತಿರ ಹೇಳ್ಕೊಂಡು ಬಂದಿದೀನಿ. ಇವತ್ತು ಯಾಕೆ ಹತ್ತಿತು?"

ಮಾವ ನನ್ನ ಮುಖ ನೋಡಿದರು. ಅರವತ್ತೆಂಟು ವರ್ಷದ ಮನುಷ್ಯ, ಬಾಯಿ ಒಣಗಿ ತುಟಿ ಸವರಿಕೊಂಡರು. ಅತ್ತೆ ಬಾಗಿಲಲ್ಲಿ ಪಟ್ಟಿ ಕಟ್ಟಿದ ಕಾಲನ್ನ ಎತ್ತಿಕೊಂಡು ನಿಂತಿದ್ದರು. ನಾಳೆ ಬೆಳಿಗ್ಗೆ ಆ ಪಟ್ಟಿ ಬದಲಾಯಿಸೋಕೆ ಬರಬೇಕಾದವರು ಈ ನರ್ಸಮ್ಮನೇ.

"ವೈರನ್ನ ಇಲಿ ಕಡಿದಿತ್ತು" ಅಂದೆ. "ಹೊಸದಾಗಿ ಸಿಕ್ಕಿಸಿದೀನಿ. ಕೀ ಹಾಕಿದಾಗ ಒಂದು ಸಲ ಹತ್ತಿ ಆರಬೇಕು, ಅದೇ ಸರಿ. ಓಡಿಸುವಾಗ ಹತ್ತಿದರೆ ತಕ್ಷಣ ನಿಲ್ಲಿಸಿ."

"ಹಾಳು ಇಲಿ" ಅಂದು ನರ್ಸಮ್ಮ ನಕ್ಕರು. "ಸೊಸೆ ಸಿಕ್ಕರೆ ಇಂಥವಳು ಸಿಗಬೇಕು ಮಾಸ್ಟರ್" ಅಂದು ಹೊರಟರು. ನಗ್ತಾನೇ ಹೋದರು.

ಸೋಪಿನಲ್ಲಿ ಕೈ ತೊಳೆದೆ, ಮತ್ತೆ ತೊಳೆದೆ. ಹನ್ನೊಂದು ವರ್ಷ ಮೂಗು ಮುರಿದದ್ದೇ ಮುರಿದದ್ದು. ಸಮಯ ಬಂದಾಗ ಸುಳ್ಳು ನನ್ನ ಬಾಯಿಂದಲೂ ಬೆಣ್ಣೆ ಜಾರಿದ ಹಾಗೆ ಜಾರಿತು. ಅವತ್ತು ಮಾವನ ಮೇಲಿನ ಅಸಹ್ಯವೆಲ್ಲ ನನ್ನ ಕಡೆಗೇ ತಿರುಗಿತ್ತು, ಊಟ ಸೇರಲಿಲ್ಲ.

ಬೆಳಿಗ್ಗೆ ಮಾವ ತಾವೇ ಚಹಾ ಮಾಡಿ ನನಗೊಂದು ಲೋಟ ತಂದುಕೊಟ್ಟರು. ಯಾವತ್ತೂ ಇಲ್ಲದ್ದು. ಗ್ಯಾರೇಜಿನಲ್ಲಿ ತಮ್ಮ ಪಕ್ಕದಲ್ಲೇ ನನಗೆ ಕುರ್ಚಿ ಹಾಕಿದರು.

"ಇನ್ನೂ ನಾಲ್ಕು ಗಾಡಿ ಇದೆಯಮ್ಮ" ಅಂದರು ಮೆಲ್ಲಗೆ. "ದೀಪ ತೆಗೆದಿರೋದು. ಹಣ್ಣಿನವನ ವ್ಯಾನು, ಟೈಲರ್‌ದು, ಮೂಲೆ ಮನೆ ಮೇಷ್ಟ್ರದು, ಶಾಲೆ ಮಕ್ಕಳನ್ನ ಕರಕೊಂಡು ಹೋಗೋ ವ್ಯಾನು. ಸರ್ವಿಸಿಗೆ ಬಂದಾಗ ಒಂದೊಂದೇ ಸಿಕ್ಕಿಸಿಬಿಡು. ಕೇಳಿದರೆ ಇಲಿ ಅನ್ನೋಣ. ನಿನ್ನೆ ಚೆನ್ನಾಗಿ ಹೇಳಿದೆ."

ಹನ್ನೊಂದು ವರ್ಷದಲ್ಲಿ ಅವರು ನನ್ನನ್ನ ಹೊಗಳಿದ್ದು ಅದೊಂದೇ ಸಲ. ಲೋಟ ನೆಲಕ್ಕಿಟ್ಟು ಫೋನ್ ತಗೊಂಡೆ. ಮೊದಲು ನರ್ಸಮ್ಮನಿಗೆ. ಆ ಇಲಿ ಬದುಕಿರೋ ತನಕ ಉಳಿದ ನಾಲ್ವರಿಗೆ ನಾನು ಏನು ಹೇಳಿದರೂ ಅದು ಅರ್ಧ ಮಾತೇ.

"ಇಲಿ ಅಲ್ಲ ನರ್ಸಮ್ಮ. ವೈರ್ ಕಿತ್ತಿದ್ದು ಮಾವ, ದೀಪ ಕಾಣದಿರಲಿ ಅಂತ. ನಿನ್ನೆ ಸುಳ್ಳು ಹೇಳಿದ್ದು ನಾನು."

ಆ ಕಡೆ ಗಾಡಿಗಳ ಹಾರ್ನ್ ಕೇಳ್ತಿತ್ತು. ರಸ್ತೆಯ ಪಕ್ಕಕ್ಕೆ ನಿಲ್ಲಿಸಿದರು ಅಂತ ಕಾಣುತ್ತೆ.

"ಎಷ್ಟು ದಿನ ಹಾಗೆ ಓಡಿಸಿದೆ ನಾನು?"

"ನಲವತ್ತು."

"ದೊಡ್ಡ ರಸ್ತೆಯಲ್ಲಿ" ಅಂದರು. "ನಿಮ್ಮ ಅತ್ತೆಯ ಕಾಲಿಗೆ ಬೇರೆ ಯಾರನ್ನಾದರೂ ನೋಡ್ಕೊಳ್ಳಮ್ಮ. ಆ ಮನೆಗೆ ನನ್ನ ಕೈಲಿ ಬರೋಕಾಗಲ್ಲ" ಅಂದು ಫೋನ್ ಇಟ್ಟರು.

ಆಮೇಲೆ ಉಳಿದ ನಾಲ್ವರಿಗೆ ಮಾಡಿದೆ. ಇವತ್ತೇ ಗಾಡಿ ತನ್ನಿ, ಅಲ್ಲಿಯತನಕ ಓಡಿಸಬೇಡಿ ಅಂದೆ. ಶಾಲೆ ವ್ಯಾನಿನವನು ಬೈದ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ. ಎಲ್ಲ ಕೇಳಿಸಿಕೊಂಡೆ.

ಮಾವ ಪಕ್ಕದಲ್ಲೇ ಕೂತಿದ್ದರು. "ನರ್ಸಮ್ಮ ಏನಂದಳು?" ಅಂದರು.

"ಇನ್ನು ಬರಲ್ಲವಂತೆ."

ಅವರು ನನ್ನ ಕಡೆ ಬಗ್ಗಿ, ಒಳಗೆ ಕೇಳಿಸದ ಹಾಗೆ, "ನಿಮ್ಮತ್ತೆಗೆ ಹೇಳಬೇಡ. ಊರಿಗೆ ಹೋಗಿದ್ದಾಳೆ ಅನ್ನೋಣ. ಸುಮ್ಮನೆ ಗಾಬರಿ ಆಗ್ತಾಳೆ" ಅಂದರು.

ನಾನು ಎದ್ದು ಒಳಗೆ ಹೋದೆ. ಅತ್ತೆ ಕಾಲು ಮಣೆಯ ಮೇಲೆ ಚಾಚಿಕೊಂಡು, ಹಳೇ ಪಟ್ಟಿಯನ್ನ ಆಗಲೇ ತಾವೇ ಬಿಚ್ಚಿ ಮಡಚಿಟ್ಟು ಕೂತಿದ್ದರು. ಗಾಯ ತೆರೆದೇ ಇತ್ತು.

"ನರ್ಸಮ್ಮ ಬಂದ್ರಾ?" ಅಂದರು.

"ಇಲ್ಲ ಅತ್ತೆ" ಅಂದೆ. ಬಾಗಿಲು ಮುಚ್ಚಲಿಲ್ಲ. ಮಾವನಿಗೂ ಕೇಳೋ ಹಾಗೆ, ಅವರು "ಬಿಡು" ಅಂದಿದ್ದ ಆ ಬೀರುವಿನ ರಿಪೋರ್ಟಿನಿಂದಲೇ ಶುರು ಮಾಡಿ ಎಲ್ಲ ಹೇಳಿದೆ.